ಹುಳುಗಳ ಗೋಡೆಯೂ ಕೆಟಲ್ಲಿನ ಶಿಳ್ಳೆಯೂ

ಮುಲ್ಲಾರಾ ಹೆಡ್ ಎಂಬ ಬಂಡೆಗುಡ್ಡದ ಬುಡದಲ್ಲಿ ಗೋಡೆ ಕಟ್ಟಿ ಮಾಡಿದ ಕಡಲಕೊಳದಲ್ಲಿ ಈಜಿದವರಿಗೆ ವಯಸ್ಸಾಗುವುದಿಲ್ಲ ಎಂಬ ಸುದ್ದಿಯನ್ನು ಮೊದಲು ಹಬ್ಬಿಸಿದವರು ಯಾರು ಎಂದು ಈಗ ಕೇಳಿ ನೋಡಿ, ಊರಿನವರೆಲ್ಲ ಆಕಾಶ ನೋಡುತ್ತಾರೆ. ಆಗ ಮಾತ್ರ ಎಲ್ಲರೂ ಎದೆ ತಟ್ಟಿ ಹೇಳುತ್ತಿದ್ದರು. ಹೇಳದೆ ಏನು ಮಾಡಿಯಾರು? ಸಾಕ್ಷಿ ಕಣ್ಣೆದುರಿಗೇ ಇತ್ತಲ್ಲ! ನಮ್ಮ ಚಳಿಗಾಲದ ಈಜು ಸಂಘದಲ್ಲಿ ಎಪ್ಪತ್ತು ದಾಟದವರು ಒಬ್ಬರೂ ಇರಲಿಲ್ಲ. ಆದರೂ ಇಪ್ಪತ್ತು ವರ್ಷಗಳಿಂದ ಯಾರೂ ಕೆಟಲ್‌ಗೆ ಸೋತಿರಲಿಲ್ಲ.

ಕೆಟಲ್‌ಗೆ ಸೋಲುವುದೆಂದರೆ ಇಷ್ಟೇ. ನಮ್ಮ ಕಡೆ ಚಳಿಗಾಲವೆಂದರೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ; ಆಗ ಪ್ರತಿ ಭಾನುವಾರ ಬೆಳಿಗ್ಗೆ, ದಡದ ತಗಡಿನ ಶೆಡ್ಡಿನಲ್ಲಿ ಗ್ಯಾಸ್ ಒಲೆಯ ಮೇಲೆ ಶಿಳ್ಳೆ ಹಾಕುವ ಕೆಟಲ್ ಇಡುತ್ತಾರೆ. ಇಟ್ಟ ಕೂಡಲೇ ಎಲ್ಲರೂ ದಬದಬ ನೀರಿಗೆ ಬೀಳಬೇಕು. ಆ ತುದಿ ಮುಟ್ಟಿ ವಾಪಸ್ಸು ಮೆಟ್ಟಿಲಿಗೆ ಬರುವುದರೊಳಗೆ ಶಿಳ್ಳೆ ಕೂಗಿಬಿಟ್ಟರೆ ಆ ಮನುಷ್ಯನ ಈಜು ಅಲ್ಲಿಗೆ ಮುಗಿಯಿತು. ಅವತ್ತಿನಿಂದ ಅವನು ಏಪ್ರನ್ ಕಟ್ಟಿಕೊಂಡು ದಡದಲ್ಲಿ ನಿಂತು, ಈಜಿ ಬಂದವರಿಗೆ ಟೀ ಮಾಡಿಕೊಡಬೇಕು. ಸಂಘ ಕಟ್ಟಿದ ಕಲ್ಲಿದ್ದಲು ಗಣಿಯವರು ಮಾಡಿಟ್ಟ ನಿಯಮ ಅದು. ಸೋತವರ ಹೊರತು ಬೇರೆ ಯಾರೂ ಟೀ ಪಾತ್ರೆ ಮುಟ್ಟುವಂತಿಲ್ಲ ಎಂದೂ ಅವರೇ ಸೇರಿಸಿದ್ದರು.

ಇದರಿಂದ ಆದ ಫಜೀತಿ ನೋಡಿ. ಇಪ್ಪತ್ತು ವರ್ಷ ಯಾರೂ ಸೋಲಲಿಲ್ಲ, ಆದ್ದರಿಂದ ಇಪ್ಪತ್ತು ವರ್ಷ ಯಾರಿಗೂ ಟೀ ಸಿಗಲಿಲ್ಲ. ಪ್ರತಿ ಭಾನುವಾರ ಹನ್ನೆರಡು ಜನ ಮುದುಕ ಮುದುಕಿಯರು ನೀಲಿಗಟ್ಟಿದ ತುಟಿಯಲ್ಲಿ ಗಡಗಡ ನಡುಗುತ್ತಾ ಕೆಟಲ್ ಸುತ್ತ ನಿಲ್ಲುತ್ತಿದ್ದರು. ಅದು ಕೂಗುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿ, ಕುದಿಯುವ ನೀರನ್ನು ಬಂಡೆಯ ಮೇಲೆ ಚೆಲ್ಲಿ, ಮನೆಗೆ ಹೋಗುತ್ತಿದ್ದರು.

ಈ ಅಮರತ್ವಕ್ಕೆಲ್ಲ ಕಾರಣನಾದವನು ಕ್ಲಾರಿ ಪೆಂಗಿಲ್ಲಿ. ಹಿಂದೆ ಗಣಿಯಲ್ಲಿ ಬಡಗಿಯಾಗಿದ್ದವನು, ಈಗ ಎಪ್ಪತ್ತೆಂಟು. ಸಂಘದಲ್ಲಿ ಅವನ ಪಾಲಿನ ಕೆಲಸ ಹಲಗೆ ಕಟ್ಟುವುದು.

ಹಲಗೆ ಯಾಕೆಂದರೆ, ಕೊಳದ ಆಚೆ ತುದಿಯ ಗೋಡೆಗೆ ನೇರ ಕಡಲೇ ಬಂದು ಬಡಿಯುತ್ತದೆ, ಅಂಥ ಜಾಗವೆಂದರೆ ಕೊಳವೆ ಹುಳುಗಳಿಗೆ ಪ್ರಾಣ. ಒಂದೊಂದು ಹುಳುವೂ ತನ್ನ ಸುತ್ತ ಸುಣ್ಣದ ಸಣ್ಣ ಕೊಳವೆ ಕಟ್ಟಿಕೊಳ್ಳುತ್ತದೆ. ಅದರ ಮೇಲೆ ಇನ್ನೊಂದು, ಅದರ ಮಗ್ಗುಲಿಗೆ ಮತ್ತೊಂದು ಹೆಣೆದುಕೊಂಡು ಗೋಡೆಯೆಲ್ಲ ಬಿಳಿ ಬೂದು ಹಕ್ಕಳೆಯಾಗಿರುತ್ತದೆ. ಗೊತ್ತಿಲ್ಲದೆ ಕೈ ಇಟ್ಟರೆ ಚರ್ಮ ಅಲ್ಲೇ ಉಳಿಯುತ್ತದೆ. ಅದಕ್ಕೇ ಗೋಡೆಯ ಮುಂದೆ, ಎರಡು ಕಬ್ಬಿಣದ ಕಂಬಗಳ ನಡುವೆ, ಹಳೇ ಕಾರ್ಪೆಟ್ ಹೊಡೆದ ಹಲಗೆ ತೂಗುಹಾಕುವುದು ವಾಡಿಕೆ. ಈಜುವವರು ಅದನ್ನು ಮುಟ್ಟಿ ತಿರುಗಿದರೆ ಸಾಕು.

ಪ್ರತಿ ಏಪ್ರಿಲ್‌ನಲ್ಲಿ ಕ್ಲಾರಿ ಹಲಗೆ ತೂಗುಹಾಕುವಾಗ ಹುಳುಗಳು ಒಂದಿಷ್ಟು ಮುಂದೆ ಬಂದಿರುತ್ತಿದ್ದವು. ಅವನೂ ಕಂಬ ಒಂದಿಷ್ಟು ಮುಂದೆ ನೆಡುತ್ತಿದ್ದ. ಮೊದಮೊದಲು ಅದರಲ್ಲಿ ಕಪಟವೇನೂ ಇರಲಿಲ್ಲ. ಆಮೇಲೆ ಒಂದು ಚಳಿಗಾಲ, ಅವನ ಹೆಂಡತಿ ಡಲ್ಸಿ ಮೆಟ್ಟಿಲು ಮುಟ್ಟಿದ್ದಕ್ಕೂ ಕೆಟಲ್ ಕೂಗಿದ್ದಕ್ಕೂ ನಡುವೆ ಒಂದು ಉಸಿರಿನಷ್ಟೇ ಅಂತರ ಉಳಿಯಿತು.

ಗಂಡ ಹೆಂಡತಿ ಯಾವಾಗಲೂ ಜೊತೆಯಲ್ಲೇ ಈಜುವವರು, ಭುಜಕ್ಕೆ ಭುಜ ತಾಗುವಂತೆ. ಪಾಪ, ಅವಳಿಗೆ ಸುಸ್ತಾಗುತ್ತಿದೆ, ನಾನು ನಿಧಾನಕ್ಕೆ ಹೋಗಿ ಜೊತೆ ಕೊಡಬೇಕು ಎಂದು ಅವನು ಅಂದುಕೊಂಡ. ಆದರೆ ಕೆಟಲ್ ನಿಧಾನಕ್ಕೆ ಕುದಿಯುತ್ತದೆಯೇ? ಡಲ್ಸಿಯ ತಾಯಿಯನ್ನೂ ಇದೇ ಕೆಟಲ್ ಒಂದು ಜೂನ್‌ನಲ್ಲಿ ದಡ ಹತ್ತಿಸಿತ್ತು. ಆಗಸ್ಟ್ ಮುಗಿಯುವುದರೊಳಗೆ ಆಕೆ ಗುಡ್ಡದ ಮೇಲಿನ ಸಮಾಧಿಗೆ ಹೋಗಿಬಿಟ್ಟಿದ್ದಳು. ಮಣ್ಣು ಮಾಡಿ ಬರುವಾಗ ಡಲ್ಸಿ ಹೇಳಿದ್ದಳು: "ನೀರಲ್ಲಿದ್ದಾಗ ನನಗೆ ಆ ಶಿಳ್ಳೆ ಕೇಳಿಸಿದ ದಿನ ನನ್ನನ್ನ ಮನೆಗೆ ಕರ್ಕೊಂಡ್ ಹೋಗ್ಬೇಡ ಕ್ಲಾರಿ. ಸೀದಾ ಇಲ್ಲಿಗೇ ಹೊತ್ಕೊಂಡು ಬಂದ್ಬಿಡು." ಬೇರೆ ಗಂಡಸಾಗಿದ್ದರೆ ದುಃಖದ ಮಾತು ಎಂದು ಬಿಡುತ್ತಿದ್ದ. ಕ್ಲಾರಿ ಬಿಡಲಿಲ್ಲ. ಊರಿಗೆಲ್ಲ ಈಜು ಕಲಿಸಿದ ಹೆಂಗಸು ಏಪ್ರನ್ ಕಟ್ಟಿ ನಿಂತರೆ ಉಳಿಯುವುದಿಲ್ಲ ಎಂದೇ ಅವನು ನಂಬಿದ. ಡಲ್ಸಿ ಇಲ್ಲದ ಮನೆಯನ್ನು ನೆನೆಸಿಕೊಂಡರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಹಲಗೆ ಇನ್ನೂ ಬೇಗ ಮುಂದೆ ಬರಬೇಕಿತ್ತು, ಅದರ ಹಿಂದೆ ಖಾಲಿ ನೀರು ಕಂಡರೆ ಗುಟ್ಟು ಬಯಲಾಗುತ್ತಿತ್ತು, ಹುಳುಗಳಿಗೋ ಅಷ್ಟು ಅವಸರವಿರಲಿಲ್ಲ. ಆದ್ದರಿಂದ ಕ್ಲಾರಿ ಹುಳು ಸಾಕಣೆಗೆ ಇಳಿದ.

ಇದರ ಗುಟ್ಟು ಅವನಿಗೆ ತಿಳಿದದ್ದು ಸಂಘದ ಅಧ್ಯಕ್ಷ ನೆವ್ ಬ್ರ್ಯಾಗ್‌ನ ಕೃಪೆಯಿಂದ. ನೆವ್ ಹಿಂದೆ ಮಾಂಸದಂಗಡಿ ಇಟ್ಟಿದ್ದವನು. ಯಾವುದೇ ಸಮಸ್ಯೆಯನ್ನು ಕಡಿದು ಬಗೆಹರಿಸಬೇಕೆನ್ನುವ ಜಾತಿ. ಒಮ್ಮೆ ಹುಳುಗಳು ಅವನ ಮೊಣಕಾಲು ತರಚಿದ್ದಕ್ಕೆ ಸಿಟ್ಟಾಗಿ, ಹಾರೆ ಹಿಡಿಸಿ ಗೋಡೆಯನ್ನೆಲ್ಲ ಕೆತ್ತಿಸಿದ್ದ. ಕೊಳವೆ ಒಡೆದು ಹೊರಬಿದ್ದ ಹುಳುಗಳು ಸಾಯುವ ಮುಂಚೆ ಮಾಡಿದ್ದೇನು? ಗಂಡು ಹುಳುಗಳು ಹಾಲಿನಂಥದ್ದನ್ನೂ ಹೆಣ್ಣು ಹುಳುಗಳು ಇಟ್ಟಿಗೆ ಬಣ್ಣದ ಮೊಟ್ಟೆಗಳನ್ನೂ ನೀರಿಗೆ ಬಿಟ್ಟವು. ಕೊಳದ ನೀರೆಲ್ಲ ಮೋಡ ಕವಿದ ಹಾಗಾಯಿತು. ಮುಂದಿನ ವರ್ಷ ನೋಡಿದರೆ ಮೊದಲಿಗಿಂತ ದುಪ್ಪಟ್ಟು ಹುಳು! ಮರಿಗಳು ಕಡಲಲ್ಲಿ ಕೆಲವು ವಾರ ಅಲೆಯುತ್ತವೆ, ಆಮೇಲೆ ತಮ್ಮ ಜಾತಿಯವರು ಇರುವ ಕಡೆಯೇ ಹುಡುಕಿಕೊಂಡು ಬಂದು ಅಂಟಿಕೊಳ್ಳುತ್ತವೆ. ಒಮ್ಮೆ ಅಂಟಿಕೊಂಡರೆ ಸಾಯುವವರೆಗೂ ಅದೇ ಮನೆ.

ಇಷ್ಟು ತಿಳಿದ ಮೇಲೆ ಕ್ಲಾರಿಗೆ ದಾರಿ ಕಂಡಿತು. ಊರಿನವರೆಲ್ಲ ಕ್ಲಬ್ಬಿನಲ್ಲಿ, ಗೆದ್ದವರಿಗೆ ಮಾಂಸದ ತಟ್ಟೆ ಸಿಗುವ ಲಾಟರಿ ಆಡುತ್ತಾ ಕೂತಿರುವ ಮಧ್ಯಾಹ್ನ ನೋಡಿಕೊಂಡು, ಇಳಿತದ ಹೊತ್ತಿಗೆ ಅವನು ಹೆಡ್‌ನ ಬಂಡೆಗಳ ಸಂದಿಗೆ ಹೋಗುತ್ತಿದ್ದ. ಹುಳು ಮೆತ್ತಿಕೊಂಡ ಕಲ್ಲುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕೈಗಾಡಿಯಲ್ಲಿ ತಂದು ಹಲಗೆಯ ಹಿಂದೆ ಪೇರಿಸುತ್ತಿದ್ದ. ನೀರಿಲ್ಲದಾಗ ಹುಳುಗಳು ಕೊಳವೆಯ ಬಾಯಿಗೆ ಪುಟ್ಟ ಮುಚ್ಚಳ ಹಾಕಿಕೊಂಡು, ಒಳಗೆ ಒಂದು ತೊಟ್ಟು ಕಡಲು ಉಳಿಸಿಕೊಂಡು ಸುಮ್ಮನಿರುತ್ತವೆ. ಕಲ್ಲನ್ನು ನೀರಿಗೆ ಇಳಿಸಿದ ಕೂಡಲೇ ಮುಚ್ಚಳ ತೆಗೆದು ಕಪ್ಪು ಗರಿಗಳ ಬೀಸಣಿಗೆ ಹೊರಗೆ ಹಾಕಿ, ನೀರಲ್ಲಿ ತೇಲುವ ಕಣಗಳನ್ನು ಜಾಲಿಸಿ ತಿನ್ನಲು ಶುರು. "ತಿನ್ರಪ್ಪಾ, ಚೆನ್ನಾಗ್ ತಿನ್ರಿ. ಡಲ್ಸಿ ಜೀವ ನಿಮ್ಮ ಕೈಲಿದೆ," ಎನ್ನುತ್ತಿದ್ದ ಕ್ಲಾರಿ. ಎತ್ತರ ಮಾತ್ರ ಸರಿಯಾಗಿರಬೇಕಿತ್ತು. ಒಂದು ಗೇಣು ಮೇಲಾದರೆ ಬಿಸಿಲಿಗೆ ಸಾಯುತ್ತವೆ, ತೀರಾ ತಳಕ್ಕೆ ಹೋದರೆ ಬೆಳೆಯುವುದಿಲ್ಲ. ಅವನು ಮೊಮ್ಮಕ್ಕಳ ಜೋಲಿಗೂ ಅಷ್ಟು ಮುತುವರ್ಜಿ ವಹಿಸಿದವನಲ್ಲ.

ಯಾರಿಗೂ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಗಂಡನ ತಲೆ ಯಾವ ತಿಂಗಳಿಂದ ಬೋಳಾಗತೊಡಗಿತು ಎಂದು ದಿನಾ ನೋಡುವ ಹೆಂಡತಿಯನ್ನು ಕೇಳಿ, ಹೇಳುತ್ತಾಳೆಯೇ? ಆ ತುದಿಯಲ್ಲಿ ಸದಾ ನೊರೆ, ತುಂತುರು. ಕಲ್ಲುಸಾಲಿನ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಾ ಕೂತಿರುತ್ತಿದ್ದವು. ಗೋಡೆ ಅದೇ ಎಂದು ಎಲ್ಲರೂ ತಿಳಿದಿದ್ದರು.

ಅಂತೂ ಮುದುಕರು ಮುದುಕರಾದಷ್ಟೂ ಕೊಳ ಚಿಕ್ಕದಾಗುತ್ತಾ ಬಂತು, ಲೆಕ್ಕ ಸರಿಹೋಯಿತು. ಸುದ್ದಿ ಪಕ್ಕದ ಊರುಗಳಿಗೂ ಮುಟ್ಟಿತು. ಬಸ್ಸುಗಳಲ್ಲಿ ಜನ ಬಂದು ಕೊಳದ ನೀರನ್ನು ಬಾಟಲಿಗೆ ತುಂಬಿಕೊಂಡರು. ಹುಳುಗಳಿಂದ ಏನೋ ಒಂದು ರಸ ಬರುತ್ತದೆ, ಯೌವನ ಅದರಲ್ಲೇ ಇದೆ ಎಂದು ನೆವ್ ಕಂಡವರಿಗೆಲ್ಲ ಉಪದೇಶಿಸಿದ. ಹಿಂದೆ ಹಾರೆ ಹಿಡಿಸಿದ ಅದೇ ಮಹಾನುಭಾವ, ಹುಳುಗಳನ್ನು ಸಂಘದ ಗೌರವ ಸದಸ್ಯರೆಂದು ಘೋಷಿಸಿದ. ಒಂದು ಭಾನುವಾರವೂ ತಪ್ಪಿಸದೆ ನೀರಲ್ಲಿರುವವರು ಅವರೊಬ್ಬರೇ ಎಂಬುದು ಅವನ ವಾದ. ಸಾಲದ್ದಕ್ಕೆ ಎಪ್ಪತ್ತೈದಕ್ಕೆ ಮೂರನೇ ಮದುವೆಯನ್ನೂ ಆಗಿ, ಕೆಂಪು ಮೋಟರ್‌ಬೈಕನ್ನೂ ತಂದ. ಕ್ಲಾರಿ ಇದನ್ನೆಲ್ಲ ನೋಡಿ ಬಾಯಿಗೆ ಬೀಗ ಹಾಕಿಕೊಂಡ. ಡಲ್ಸಿ ನೀರಲ್ಲಿದ್ದಾಳಲ್ಲ, ಅಷ್ಟು ಸಾಕಿತ್ತು ಅವನಿಗೆ.

ಹೀಗಿರುವಾಗ ಗೋಲ್ಬರ್ನ್ ಕಡೆಯಿಂದ ಜನೆಲ್ ಸ್ಕ್ಯೂಡರ್ ಬಂದು ಹೆಡ್‌ನ ಮೇಲೆ ಮನೆ ಮಾಡಿದಳು. ಮೇಷ್ಟ್ರು ಕೆಲಸ ಬಿಟ್ಟು ಬಂದವಳು, ಐವತ್ತೆರಡರ ಹರೆಯ, ಸಂಘದ ಮಟ್ಟಿಗೆ ಹಸುಗೂಸು. ಮಾತು ಜಾಸ್ತಿ, ಕೆಟ್ಟ ಮನಸ್ಸಿಲ್ಲ. ಅವಳು ಈಜುಕನ್ನಡಕ ಹಾಕಿಕೊಂಡು ಹಲಗೆಯ ಕೆಳಗೆ ಮುಳುಗು ಹಾಕುತ್ತಿದ್ದಳು, ಹುಳು ನೋಡುವ ಆಸೆಗೆ. ಜುಲೈ ತಿಂಗಳ ಒಂದು ಭಾನುವಾರ ಮೇಲೆ ಬಂದವಳೇ ಕಣ್ಣರಳಿಸಿ ಎಲ್ಲರಿಗೂ ಕೇಳುವ ಹಾಗೆ ಅಂದಳು:

"ನೆವ್, ಆ ಕಲ್ಲುಗಳ ಹಿಂದುಗಡೆ ಇನ್ನೊಂದು ಗೋಡೆ ಇದೆ ಗೊತ್ತಾ ನಿಮಗೆ? ಬಣ್ಣದಲ್ಲಿ ಗೆರೆ ಎಳೆದಿದ್ದಾರೆ, ಕಬ್ಬಿಣದ ಬಳೆ ಬೇರೆ ಇದೆ. ಎಷ್ಟು ಚೆನ್ನಾಗಿದೆ ಅಂತೀರಿ!"

ಕ್ಲಾರಿಯ ಕೈಲಿದ್ದ ಟವೆಲ್ ಕೆಳಗೆ ಬಿತ್ತು.

ನೆವ್ ನಕ್ಕ. "ಗೋಡೆ ಹಿಂದೆ ಗೋಡೆ ಎಲ್ಲಿಂದ ಬರುತ್ತೆ ಹುಡುಗೀ? ನಿನಗೆ ಚಳಿ ನೆತ್ತಿಗೇರಿದೆ," ಎಂದು ತಾನೇ ನೀರಿಗೆ ಧುಮುಕಿ ಹಲಗೆಯಡಿ ನುಸುಳಿದ. ಬಹಳ ಹೊತ್ತು ಬರಲಿಲ್ಲ. ಮೇಲೆ ಬಂದಾಗ ಅವನ ಮುಖ ಮಾಂಸದಂಗಡಿಯ ಹಳೇ ದಿನಗಳಿಗೆ ಮರಳಿತ್ತು.

"ಒಂದು ಬಸ್ ನಿಲ್ಲಿಸಬಹುದು ಕಣ್ರೋ!" ಎಂದು ಕೂಗಿದ. "ಹಲಗೆಗೂ ಗೋಡೆಗೂ ನಡುವೆ ಒಂದು ಇಡೀ ಬಸ್! ನಾವು ಈಜ್ತಾ ಇರೋದು ಅರ್ಧಂಬರ್ಧ ಕೊಳ!"

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಸಂಘದವರ ನಿಯತ್ತು ನೋಡಿ, ಮೊದಲು ಬೈದದ್ದು ಹುಳುಗಳನ್ನು. ಗೌರವ ಸದಸ್ಯತ್ವ ಕೊಟ್ಟು ಕೂರಿಸಿದರೆ ಹೀಗಾ ಮಾಡೋದು, ನಂಬಿಕೆದ್ರೋಹಿಗಳು, ಇವತ್ತೇ ಹೊರಹಾಕಬೇಕು ಎಂದು ಒಬ್ಬರು ಹೇಳಿದರು. ಹುಳುಗಳಿಗೆ ಸಮಜಾಯಿಷಿ ಕೊಡಲು ಅವಕಾಶ ಕೊಡದೆ ಹೊರಹಾಕುವಂತಿಲ್ಲ ಎಂದು ಇನ್ನೊಬ್ಬರು. ಹುಳುಗಳ ಪರವಾಗಿ ಯಾರು ಮಾತಾಡಬೇಕು ಎಂಬ ಬಗ್ಗೆ ಸ್ವಲ್ಪ ಹೊತ್ತು ಬಿಸಿಬಿಸಿ ಚರ್ಚೆಯೇ ನಡೆಯಿತು. ಒದ್ದೆ ಚಡ್ಡಿಯಲ್ಲಿ, ದಕ್ಷಿಣದಿಂದ ಬೀಸುವ ಆ ಕೊರೆಯುವ ಗಾಳಿಯಲ್ಲಿ!

"ಬಸ್ಸಿನಷ್ಟು ಉದ್ದ ಹುಳು ಕಟ್ಟೋಕಾಗುತ್ತಾ?" ಎಂದಳು ಜನೆಲ್. "ಗೋಡೆ ಮೇಲೆ ಇರೋದು ಒಂದು ಗೇಣು ದಪ್ಪ, ಅಷ್ಟೇ. ಹಲಗೆ ಹಿಂದೆ ಇರೋವು ಬಿಡಿ ಕಲ್ಲುಗಳು. ಯಾರೋ ತಂದು ಜೋಡಿಸಿದ್ದಾರೆ."

ಎಲ್ಲರ ಕಣ್ಣೂ ಹಲಗೆ ಕಟ್ಟುವವನ ಕಡೆ ತಿರುಗಿತು.

"ನಾನೇ," ಎಂದ ಕ್ಲಾರಿ.

"ಅಯ್ಯೋ ಪಾಪಿ!" ನೆವ್ ತಲೆ ಹಿಡಿದುಕೊಂಡು ಬಂಡೆಯ ಮೇಲೆ ಕೂತ. "ನಾನು ನಿಜವಾಗ್ಲೂ ಎಪ್ಪತ್ತೊಂಬತ್ತಾ ಹಾಗಾದ್ರೆ? ಮೊದಲೇ ಹೇಳೋದಲ್ವೇನೋ? ಮದುವೆ ಬೇರೆ ಆಗ್ಬಿಟ್ಟಿದ್ದೀನಲ್ಲೋ ಮಾರಾಯ!"

ಮುಂದಿನ ಭಾನುವಾರ ಹಲಗೆ ತೆಗೆದು ಪೂರಾ ಕೊಳ ಈಜಬೇಕು, ಕೆಟಲ್ ಏನು ಹೇಳುತ್ತದೋ ಅದೇ ತೀರ್ಪು ಎಂದು ನಿರ್ಧಾರವಾಯಿತು. ಮನೆಗೆ ಬಂದು ಕಾಲುಚೀಲ ಹಾಕಿಕೊಳ್ಳುತ್ತಾ ಡಲ್ಸಿ ಕೇಳಿದಳು:

"ಯಾರಿಗೋಸ್ಕರ ಮಾಡ್ದೆ ಇದನ್ನೆಲ್ಲ?"

"ನಿನಗೋಸ್ಕರ."

"ನನಗೋಸ್ಕರಾನಾ?"

"ನಿನಗೆ ಕೈಲಾಗ್ತಿರಲಿಲ್ಲ ಡಲ್ಸಿ. ನಾನು ಪಕ್ಕದಲ್ಲೇ ಇರ್ತಿದ್ನಲ್ಲ, ನೋಡ್ತಿದ್ದೆ. ಅವತ್ತು ಗುಡ್ಡದ ಮೇಲೆ ನೀನು ಹಾಗಂದಿದ್ದೆ. ನನಗೆ ಹೆದರಿಕೆಯಾಯ್ತು ಕಣೇ."

ಡಲ್ಸಿ ಅವನನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ನಗಲು ಶುರುಮಾಡಿದಳು. ಕಾಲುಚೀಲ ಒಂದೇ ಕಾಲಲ್ಲಿ ಉಳಿಯಿತು. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಸುರಿಸುತ್ತಾ, ಸೋಫಾದ ಮೇಲೆ ಉರುಳಿ ನಕ್ಕಳು. ಯಾಕೆ ಎಂದು ಅವನು ಎಷ್ಟು ಕೇಳಿದರೂ ಹೇಳಲಿಲ್ಲ. "ಭಾನುವಾರ ಬರಲಿ ತಾಳು," ಎಂದಷ್ಟೇ ಹೇಳಿ ಮತ್ತೆ ನಕ್ಕಳು. ಗಾಬರಿಯಾದಾಗ ಕೆಲವರು ಹೀಗೇ ನಗುತ್ತಾರೆ ಎಂದು ಕ್ಲಾರಿಗೆ ಇನ್ನಷ್ಟು ಸಂಕಟವಾಯಿತು.

ಆ ವಾರ ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಡಬ್ಬೋದಲ್ಲಿರುವ ನಿನ್ನ ತಂಗಿಯನ್ನು ನೋಡಿ ಬರೋಣ ಎಂದ. "ಇಪ್ಪತ್ತು ವರ್ಷದಿಂದ ಅವಳ ಹೆಸರೆತ್ತಿದ್ರೆ ಮೂಗು ಮುರೀತಿದ್ದೋನು, ಈಗೇನು ಅಷ್ಟೊಂದು ಪ್ರೀತಿ?" ಎಂದಳು ಡಲ್ಸಿ. ನಿನಗೆ ಕೆಮ್ಮು ಬಂದಿರುವ ಹಾಗಿದೆ ಎಂದ. ಅವಳು ಕೆಮ್ಮಲಿಲ್ಲ. ಬುಧವಾರ ಶೆಡ್ಡಿಗೆ ಹೋಗಿ ಕೆಟಲ್ ಮೂತಿಯ ಶಿಳ್ಳೆಯನ್ನೇ ಕಿತ್ತುಕೊಂಡು ಬಂದ. ಗುರುವಾರ ಡಲ್ಸಿ ಒಗೆಯಲು ಹಾಕುವಾಗ ಅದು ಅವನ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿತು. ಅವಳು ಅದನ್ನು ಬಾಯಿಗಿಟ್ಟು ಒಂದು ಸಲ ಊದಿ, ತೊಳೆದು, ತಾನೇ ವಾಪಸ್ಸು ಕೊಂಡುಹೋಗಿ ಸಿಕ್ಕಿಸಿ ಬಂದಳು.

ಶನಿವಾರ ಕಲ್ಲು ತೆಗೆಯುವ ಕೆಲಸ. ನೆವ್ ಹಾರೆ ತಂದಿದ್ದ. "ಬೇಡ್ವೇ ಬೇಡ," ಎಂದ ಕ್ಲಾರಿ, "ಒಡೆದ್ರೆ ಮತ್ತೆ ಮೊಟ್ಟೆ ಬಿಡ್ತವೆ. ಮುಂದಿನ ವರ್ಷ ಬಸ್ ಅಲ್ಲ, ರೈಲೇ ನಿಲ್ಲುತ್ತೆ." ಹೀಗಾಗಿ ಅವನ ಅಪರಾಧವನ್ನು ಅವನದೇ ಉಸ್ತುವಾರಿಯಲ್ಲಿ ಬಿಚ್ಚಬೇಕಾಯಿತು. ಹನ್ನೆರಡು ಮುದುಕರು, ದಪ್ಪ ಕೈಗವಸು ಹಾಕಿಕೊಂಡು, ಒದ್ದೆ ಗೋಣಿ ಸುತ್ತಿದ ಕಲ್ಲುಗಳನ್ನು ಎದೆಗವಚಿಕೊಂಡು ಸಾಲಾಗಿ ಹೆಡ್‌ನ ಬಂಡೆಗಳಿಗೆ ನಡೆದರು. "ತಲೆಕೆಳಗು ಇಡಬೇಡ್ರೋ! ಬಾಯಿ ಮೇಲಕ್ಕೆ ಬರ್ಲಿ! ಲೇ ನೆವ್, ಅದು ಬಿಸಿಲಲ್ಲಿದೆ, ಒಂದು ಗೇಣು ಕೆಳಗಿಡು!" ಎಂದು ಕ್ಲಾರಿ ಓಡಾಡಿದ. ಬಸ್ಸಿನಲ್ಲಿ ಬಂದಿದ್ದ ಪ್ರವಾಸಿಗಳು ಇದೇನೋ ಊರ ಹಬ್ಬವಿರಬೇಕೆಂದು ಟೋಪಿ ತೆಗೆದು ನಿಂತರು. ಅಲ್ಲೇ ಹುಟ್ಟಿ ಅಂಟಿಕೊಂಡ, ಗೋಡೆಯ ಮೇಲಿನ ಗೇಣು ದಪ್ಪದ ಹುಳುಪದರವನ್ನು ಮಾತ್ರ ಹಾಗೇ ಬಿಟ್ಟರು.

ಭಾನುವಾರ ಬಂತು. ಹಲಗೆ ಇರಲಿಲ್ಲ, ಕಲ್ಲುಸಾಲು ಇರಲಿಲ್ಲ. ಕೊಳ ತನ್ನ ನಿಜವಾದ ಉದ್ದಕ್ಕೆ ಚಾಚಿಕೊಂಡು ಮಲಗಿತ್ತು. ಕ್ಲಾರಿ ಒಂದು ತೀರ್ಮಾನ ಮಾಡಿಕೊಂಡಿದ್ದ: ಅವಳ ಪಕ್ಕ ಬಿಡುವುದಿಲ್ಲ. ಶಿಳ್ಳೆ ಕೂಗಿದರೆ ಇಬ್ಬರಿಗೂ ಒಟ್ಟಿಗೆ ಕೂಗಲಿ, ಏಪ್ರನ್ ಕಟ್ಟುವುದಾದರೆ ಇಬ್ಬರೂ ಕಟ್ಟೋಣ, ಒಬ್ಬಳೇ ನಿಲ್ಲುವುದಕ್ಕಿಂತ ಅದು ವಾಸಿ.

ನೆವ್ ಒಲೆ ಹಚ್ಚಿದ. ಎಲ್ಲರೂ ನೀರಿಗೆ ಬಿದ್ದರು. ನೀರಿನ ಚಳಿ ಎಂದಿನಂತೆ ಪಕ್ಕೆಲುಬಿಗೆ ಬಡಿಯಿತು.

ಭುಜಕ್ಕೆ ಭುಜ ತಾಗಿಸಿಕೊಂಡು ಇಬ್ಬರೂ ಹೊರಟರು. ಯಾವಾಗಲೂ ಹಲಗೆ ಇರುತ್ತಿದ್ದ ಜಾಗ ಬಂದಾಗ ಕ್ಲಾರಿಯ ಕೈ ರೂಢಿಯಂತೆ ಮುಂದೆ ಚಾಚಿತು. ಸಿಕ್ಕಿದ್ದು ಬರೀ ನೀರು. ಆ ಒಂದು ಕ್ಷಣ ಅವನು ತಡೆದ. ತಲೆಯೆತ್ತಿ ನೋಡಿದರೆ ಡಲ್ಸಿ ಮುಂದಿದ್ದಳು. ಗಾಬರಿಯಿಂದ ಅವಳಿಗೆ ರಭಸ ಬಂದಿದೆ, ಹೀಗೆ ಹೋದರೆ ನಡುನೀರಲ್ಲಿ ಉಸಿರುಗಟ್ಟುತ್ತದೆ ಎಂದು ಅವನು ಕೈಕಾಲು ಬಡಿದ. "ನಿಧಾನ! ನಿಧಾನ ಕಣೇ!" ಎಂದು ಕೂಗಹೋಗಿ ಉಪ್ಪುನೀರು ಕುಡಿದ. ಅವಳ ಕಾಲುಗಳು ನೊರೆ ಎಬ್ಬಿಸುತ್ತಾ ದೂರವಾದವು. ಆ ಕಾಲುಗಳನ್ನು ಅವನು ಹಿಂದಿನಿಂದ ನೋಡಿ ಎಷ್ಟು ವರ್ಷಗಳಾಗಿದ್ದವೋ, ಅವನಿಗೇ ನೆನಪಿರಲಿಲ್ಲ.

ಅವನು ಗೋಡೆ ತಲುಪುವ ಮೊದಲೇ ಅವಳು ಮುಟ್ಟಿ ತಿರುಗಿ ಎದುರು ಬಂದಳು. ಪಕ್ಕದಲ್ಲಿ ಹಾದುಹೋಗುವಾಗ ನೀರಿಂದ ಮುಖ ಎತ್ತಿ, "ಬಾ, ಬಾ," ಎಂದಳು. ಆ ಮಾತಿನಲ್ಲಿ ದಣಿವೇ ಇರಲಿಲ್ಲ.

ಗೋಡೆಯ ಹತ್ತಿರ ಹುಳುಗಳು ಮುಚ್ಚಳ ತೆಗೆದು, ಸಾವಿರಾರು ಕಪ್ಪು ಬೀಸಣಿಗೆಗಳನ್ನು ಬಿಚ್ಚಿ ಊಟ ಮಾಡುತ್ತಿದ್ದವು. ಕ್ಲಾರಿಯ ನೆರಳು ಬಿದ್ದದ್ದೇ ತಡ, ಎಲ್ಲ ಒಟ್ಟಿಗೆ ಸರಕ್ಕನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡವು. ಇಷ್ಟು ವರ್ಷ ಸಾಕಿ ಸಲಹಿದವನಿಗೆ ಒಂದು ಹುಳುವೂ ಮುಖ ತೋರಿಸಲಿಲ್ಲ. ಅವನು ಗೋಡೆ ಮುಟ್ಟಿದ, ಬೆರಳ ಗೆಣ್ಣುಗಳು ತರಚಿ ರಕ್ತ ಬಂತು. ತಿರುಗಿದ. ತೋಳು ಕಲ್ಲಾಗಿತ್ತು, ಎದೆ ತಿದಿಯಂತೆ ಹೊಡೆದುಕೊಳ್ಳುತ್ತಿತ್ತು. ಇಪ್ಪತ್ತು ವರ್ಷ ಅವಳ ಸುಸ್ತು ಎಂದುಕೊಂಡು ಅವನು ನೋಡುತ್ತಿದ್ದದ್ದು ಯಾರ ಸುಸ್ತನ್ನು ಎಂಬುದು ಆಗ ಅವನಿಗೆ ಗೊತ್ತಾಯಿತು. ನಾಚಿಕೆಯಿಂದ ಮುಖಕ್ಕೆ ಬಿಸಿ ಏರಿತು, ಅಂಥ ತಣ್ಣೀರಿನಲ್ಲೂ.

ಕೆಟಲ್ ಕೂಗಿದಾಗ ಅವನು ಕೊಳದ ನಟ್ಟನಡುವೆ ಇದ್ದ. ಎತ್ತರದ, ಸಣ್ಣ, ನಿಲ್ಲದ ಕೂಗು. ಡಲ್ಸಿಯ ಕಿವಿಗೆ ಬೀಳಬಾರದೆಂದು ಅವನು ಕಲ್ಲು ಹೊತ್ತು ತಡೆದಿದ್ದ ಸದ್ದು ಅವನ ಕಿವಿಗೇ ಬಂದು ಬಿತ್ತು. ಅವನು ಮುಳುಗಲಿಲ್ಲ, ಸಾಯಲೂ ಇಲ್ಲ. ನೀರು ಮೊದಲಿನಷ್ಟೇ ತಣ್ಣಗಿತ್ತು, ಮೆಟ್ಟಿಲು ಮೊದಲಿನಷ್ಟೇ ದೂರವಿತ್ತು, ಈಜಲೇಬೇಕಿತ್ತು. ಹಿಂದಿನಿಂದ ನೆವ್ ಯಾರನ್ನೋ ಬೈಯುತ್ತಾ ನಾಯಿಯಂತೆ ತೇಲಿಬರುವುದು ಕೇಳಿಸುತ್ತಿತ್ತು.

ಡಲ್ಸಿ ಮೆಟ್ಟಿಲ ಮೇಲೆ ಕೂತಿದ್ದಳು. ಆಗಲೇ ಟವೆಲ್ ಹೊದ್ದುಕೊಂಡಿದ್ದಳು. ಅವನು ಏದುಸಿರು ಬಿಡುತ್ತಾ ಬಂದು ಕೆಳಗಿನ ಮೆಟ್ಟಿಲು ಹಿಡಿದುಕೊಂಡ.

"ಯಾವಾಗಿಂದ?" ಎಂದು ಕೇಳಿದ.

"ಏನು ಯಾವಾಗಿಂದ?"

"ನೀನು ನಿಧಾನ ಮಾಡ್ತಾ ಇದ್ದದ್ದು."

"ಇಪ್ಪತ್ತು ವರ್ಷ ಆಯ್ತು ಮಾರಾಯ. ನಿನ್ನ ಪಕ್ಕ ಈಜೋದು ಎಷ್ಟು ಕಷ್ಟ ಗೊತ್ತಾ? ಇನ್ನೊಂಚೂರು ನಿಧಾನ ಮಾಡಿದ್ರೆ ನಾನು ಮುಳುಗೇ ಹೋಗ್ತಿದ್ದೆ." ಅವಳು ನಗುತ್ತಿದ್ದಳು, ಆದರೆ ಗಲ್ಲ ನಡುಗುತ್ತಿತ್ತು. "ನಿನ್ನನ್ನ ದಡದಲ್ಲಿ ಬಿಟ್ಟು ಹೋಗೋಕೆ ಮನಸ್ಸಾಗ್ತಿರಲಿಲ್ಲ ಕ್ಲಾರಿ. ಶಿಳ್ಳೆ ಕೂಗಿದ್ರೆ ಇಬ್ಬರಿಗೂ ಒಟ್ಟಿಗೇ ಕೂಗ್ಲಿ ಅಂತ ಕಾಯ್ತಾ ಇದ್ದೆ. ಎಷ್ಟು ವರ್ಷ ಕಾದ್ರೂ ಆ ದರಿದ್ರ ಶಿಳ್ಳೆ ಕೂಗಲೇ ಇಲ್ಲ! ನಿಂದೇ ಕೆಲಸ ಅಂತ ನನಗೇನು ಗೊತ್ತಿತ್ತು?"

ಕ್ಲಾರಿ ನೀರಲ್ಲೇ ನಿಂತು ಅತ್ತ. ಮುಖವೆಲ್ಲ ಉಪ್ಪುನೀರಾಗಿದ್ದರಿಂದ ಬೇರೆ ಯಾರಿಗೂ ತಿಳಿಯಲಿಲ್ಲ, ಡಲ್ಸಿಗೆ ತಿಳಿಯಿತು. "ಇನ್ಮೇಲೆ ನಾನೂ ಈಜಲ್ಲ," ಎಂದಳು ಮೆಲ್ಲಗೆ. "ನಿನ್ನ ಜೊತೆ ದಡದಲ್ಲೇ ನಿಲ್ತೀನಿ."

"ನಿಂತರೆ ಕಾಲು ಮುರೀತೀನಿ," ಎಂದ ಕ್ಲಾರಿ. ಇಪ್ಪತ್ತು ವರ್ಷಗಳಲ್ಲಿ ಕೊಳದ ಬಳಿ ಅವನು ಅವಳಿಗೆ ಆಡಿದ ಮೊದಲ ನೇರ ಮಾತು ಅದು. "ನಿನ್ನ ಈಜು ಇಷ್ಟೂ ವರ್ಷ ನಾನು ಕದ್ದಿದ್ದೀನಿ. ಉಳಿದದ್ದನ್ನಾದರೂ ಈಜು."

ಮೇಲೆ ಶೆಡ್ಡಿನಲ್ಲಿ ಆಗಲೇ ರಂಪ ಶುರುವಾಗಿತ್ತು. ಕೆಟಲ್‌ಗೆ ಸೋಲದೆ ಉಳಿದವರು ಡಲ್ಸಿ ಮತ್ತು ಜನೆಲ್ ಇಬ್ಬರೇ. ಮಿಕ್ಕವರೆಲ್ಲ ಟೀ ಮಾಡುವವರು. ಟೀ ಕೆಟಲ್‌ಗಿಂತ ಮೊದಲು ಈಜಿ ಬಂದವರಿಗೆ ಮಾತ್ರ ಎಂದು ನಿಯಮವಿದೆ, ಹಾಗಾಗಿ ಸೋತವರು ಅದನ್ನು ಮಾಡಬಹುದು, ಕುಡಿಯುವಂತಿಲ್ಲ! ಇರುವುದು ಒಂದೇ ಏಪ್ರನ್, ಅದನ್ನು ಹಿಡಿದು ಆರೇಳು ಜನ ಎಳೆದಾಡುತ್ತಿದ್ದರು. ಅಧ್ಯಕ್ಷನಾದ ತನಗೇ ಮೊದಲ ಹಕ್ಕು ಎಂದು ನೆವ್ ಕೂಗುತ್ತಿದ್ದ. ಜನೆಲ್ ಆಗಲೇ ಮೂರನೇ ಲೋಟ ಕುಡಿಯುತ್ತಾ, ಯಾರಾದರೂ ಬಚ್ಚಲು ಎಲ್ಲಿದೆ ಹೇಳಿ ಎಂದು ಬೇಡಿಕೊಳ್ಳುತ್ತಿದ್ದಳು.

ಡಲ್ಸಿ ಒಳಗೆ ಬಂದಳು. ಒಂಬತ್ತು ಲೋಟಗಳು ಒಟ್ಟಿಗೆ ಅವಳ ಮೂಗಿನ ಕೆಳಗೆ ಬಂದವು. ಅವಳು ಯಾವುದನ್ನೂ ಮುಟ್ಟಲಿಲ್ಲ. ಏಪ್ರನ್ನನ್ನು ನೆವ್‌ನ ಕೈಯಿಂದ ಕಿತ್ತು, ಕ್ಲಾರಿಯನ್ನು ಹಿಂದಕ್ಕೆ ತಿರುಗಿಸಿ, ಅವನ ಒದ್ದೆ ಸೊಂಟಕ್ಕೆ ತಾನೇ ಕಟ್ಟಿದಳು. ಗಂಟು ಹಾಕಲು ಎಷ್ಟು ಬೇಕೋ ಅದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಅವಳ ಕೈಗಳು ಅಲ್ಲಿದ್ದವು.

ಕ್ಲಾರಿ ತರಚಿದ ಬೆರಳುಗಳಲ್ಲಿ ಪಾತ್ರೆಗೆ ಟೀ ಸೊಪ್ಪು ಹಾಕಿ, ನೀರು ಬಗ್ಗಿಸಿ, ಹಾಲು ಬೆರೆಸಿ, ಸಕ್ಕರೆ ಹಾಕಿ, ಕಲಕಿ ಕೊಟ್ಟ. ಡಲ್ಸಿ ಒಂದು ಗುಟುಕು ಕುಡಿದಳು.

"ಹೇಗಿದೆ?" ಎಂದ.

"ಕಲಗಚ್ಚು ಕಣೋ," ಎಂದು ಡಲ್ಸಿ ಲೋಟ ಖಾಲಿ ಮಾಡಿ, ಇನ್ನೊಂದಕ್ಕೆ ಕೈ ಚಾಚಿದಳು.